ಬೂಟು ಕಳಚಿ ನೆಲ ಅಳೆಯುವ ಕಲ್ಲಕ್ಕ

ಬೆಳಗಿನ ಆರು ಗಂಟೆ. ಶಾಲೆಯ ಹಿಂದಿನ ಬಯಲಿನಲ್ಲಿ ಹಳದಿ ಜೆಸಿಬಿ ಇನ್ನೂ ತಣ್ಣಗೆ ನಿಂತಿದೆ. ಅದನ್ನು ಓಡಿಸಬೇಕಾದವರು ಬೂಟು ಕಳಚಿ ಕ್ಯಾಬಿನ್ನಿನ ಮೆಟ್ಟಿಲ ಮೇಲಿಟ್ಟು ಬರಿಗಾಲಲ್ಲಿ ನಡೆಯುತ್ತಿದ್ದಾರೆ. ಈ ಗೋಡೆಯಿಂದ ಆ ಗೋಡೆಗೆ, ಒಂದು ಗಜ ಸರಿದು ಮತ್ತೆ ಆ ಗೋಡೆಯಿಂದ ಈ ಗೋಡೆಗೆ. ಬಲಮೂಲೆಯ ಹತ್ತಿರ ಗಕ್ಕನೆ ನಿಂತು, ಹಿಮ್ಮಡಿಯಿಂದ ಎರಡು ಸಲ ಒತ್ತಿ ನೋಡಿ, ಮುಖ ಸಿಂಡರಿಸುತ್ತಾರೆ.

"ಏನಮ್ಮಾ, ಏನಾದ್ರೂ ಬೀಳಿಸ್ಕೊಂಡ್ಯಾ?" ಎಂದು ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತ ಭಾವ ಕೇಳುತ್ತಾರೆ.

"ನಿಮ್ಮ ಗಾಡಿ ಮಾಡಿದ ತಪ್ಪು ಹುಡುಕ್ತಿದೀನಿ ಭಾವ."

"ಗಾಡಿಗೇನು ಗೊತ್ತು ಪಾಪ. ಮೇಲೆ ಕೂತೋರು ಮಾಡಿದ್ದದು."

ಬರಿಗಾಲಲ್ಲಿ ನಡೆಯುತ್ತಿರುವ ಇವರನ್ನು ಎಲ್ಲರೂ ಕರೆಯುವುದು ಕಲ್ಲಕ್ಕ ಎಂದೇ. ವಯಸ್ಸು ನಲವತ್ತೆರಡು. ಹದಿನಾಲ್ಕು ವರ್ಷ ಇದೇ ಜೆಸಿಬಿಯ ಹಿಂದೆ ಬಾಣಲೆ ಹಿಡಿದು ನಡೆದು, ಅದು ಬಿಟ್ಟುಹೋದ ಕಲ್ಲು ಹೆಕ್ಕಿದ್ದಕ್ಕೆ ಬಂದ ಹೆಸರು ಅದು. ಗಾಡಿ ಅವರ ಗಂಡನ ಅಣ್ಣನದು. ಮೂವತ್ತು ವರ್ಷ ಸೀಟಿನ ಮೇಲೆ ಕುಲುಕಾಡಿದ ಭಾವನ ಸೊಂಟ ಕಳೆದ ವರ್ಷ ಕೈಕೊಟ್ಟಿತು. ಇನ್ನು ಗಾಡಿ ಹತ್ತಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಗಾಡಿ ಮಾರುವ ಮಾತು ಬಂದಾಗ "ನಾನೇ ಕಲೀತೀನಿ" ಎಂದವರು ಕಲ್ಲಕ್ಕ. ಮನೆಯಲ್ಲಿ ನಗದೇ ಇದ್ದವರು ಭಾವ ಒಬ್ಬರೇ.

ಅಂದಿನಿಂದ ಅಡುಗೆಮನೆಯಲ್ಲೂ ಪಾಠ. ಎರಡು ಸೌಟುಗಳನ್ನು ಮಂಡಿಗಳ ನಡುವೆ ನೆಟ್ಟಗೆ ಹಿಡಿದು ಲಿವರಿನಂತೆ ಅಲ್ಲಾಡಿಸುತ್ತಾ ಕೂರುತ್ತಿದ್ದರು. "ಅಮ್ಮಂಗೆ ತಲೆ ಕೆಟ್ಟಿದೆ ಅಂತ ಮಗಳು ಅವರಪ್ಪಂಗೆ ಹೇಳಿದ್ಲು" ಎಂದು ಈಗ ನಗುತ್ತಾರೆ. ಲೈಸೆನ್ಸ್ ಕೈಗೆ ಬಂದು ಇಪ್ಪತ್ತಾರು ದಿನ. ಶಾಲೆಯ ಈ ಆಟದ ಮೈದಾನ ಮಟ್ಟ ಮಾಡುವುದು ಅವರು ಒಬ್ಬರೇ ಮಾಡುತ್ತಿರುವ ಮೊದಲ ಕೆಲಸ. ಇವತ್ತು ಅದರ ಪರೀಕ್ಷೆ. ಹತ್ತು ಗಂಟೆಗೆ ಟ್ಯಾಂಕರ್ ಬಂದು ಮೇಲಂಚಿನಲ್ಲಿ ನೀರು ಬಿಡುತ್ತದೆ. ನೀರು ಕೆಳಗಿನ ಚರಂಡಿಗೆ ಹರಿದುಹೋಗಬೇಕು. ಎಲ್ಲಾದರೂ ನಿಂತರೆ ಸೋಮವಾರ ಬೇರೆ ಗಾಡಿ ಕರೆಸುತ್ತೇನೆ ಎಂದು ಕೆಲಸ ಕೊಟ್ಟ ಸೂಪರ್‌ವೈಸರ್ ಹೇಳಿಬಿಟ್ಟಿದ್ದಾರೆ. ಹಾಗೇನಾದರೂ ಆದರೆ ಭಾವನ ಗಾಡಿ ಮಾರಾಟಕ್ಕೆ, ಕಲ್ಲಕ್ಕ ಮತ್ತೆ ಬಾಣಲೆಗೆ.

ಕಲ್ಲುನೆಲ ಮಟ್ಟ ಮಾಡುವುದು ನೋಡುವವರಿಗೆ ಸಲೀಸು. ಮುಂದಿನ ಬಕೆಟ್ಟು ಕೆಳಗಿಳಿಸಿ ಹೆರೆದುಕೊಂಡು ಹೋದರಾಯಿತು, ಅಷ್ಟೇ ತಾನೇ? ಕಲ್ಲಕ್ಕನೂ ಮೊದಲ ದಿನ ಹಾಗೆಯೇ ಹೋದರು. ಬಕೆಟ್ಟು ಕಲ್ಲಿಗೆ ಸಿಕ್ಕಿದಾಗ ಗಾಡಿಯ ಮೂತಿ ಮೇಲೆದ್ದಿತು, ಬಿಟ್ಟಾಗ ಮುಗ್ಗರಿಸಿತು. ನೆಲದಲ್ಲಿ ಒಂದು ಉಬ್ಬು, ಒಂದು ತಗ್ಗು. ಮುಂದಿನ ಸುತ್ತಿನಲ್ಲಿ ಚಕ್ರ ಅದೇ ಉಬ್ಬು ಹತ್ತಿ ಅದೇ ತಗ್ಗಿಗೆ ಇಳಿಯಿತು. ಬಕೆಟ್ಟೂ ಅದರ ಜೊತೆಗೇ ಏರಿ ಇಳಿದು ತಗ್ಗನ್ನು ಇನ್ನಷ್ಟು ಆಳ ಮಾಡಿತು. ತಿದ್ದಲು ಹೋದಷ್ಟೂ ಕೆಡುವ ನೆಲ. ಸಂಜೆಯ ಹೊತ್ತಿಗೆ ಬಯಲು ರಟ್ಟಿನ ಒಳಹಾಳೆಯಂತೆ ಮಡಿಕೆ ಮಡಿಕೆಯಾಗಿತ್ತು.

"ಬಕೆಟ್ ನೋಡ್ಬೇಡ, ದೂರ ನೋಡು ಅಂದ್ರು ಭಾವ. ಸೈಕಲ್ ಕಲಿಯೋರು ಚಕ್ರ ನೋಡ್ತಾ ಬೀಳ್ತಾರಲ್ಲ, ಹಂಗೆ ನಂದೂ ಆಗಿತ್ತು." ಎರಡನೆಯ ದಿನದಿಂದ ಅವರು ಮಟ್ಟಸವಾದ ಒಂದೇ ತುಂಡು ಜಾಗ ಸಿದ್ಧ ಮಾಡಿಕೊಂಡು, ಅಲ್ಲಿ ನಾಲ್ಕೂ ಚಕ್ರ ಊರಿ, ಅಲ್ಲಿಂದ ಮುಂದಕ್ಕೆ ಹೊರಡುತ್ತಾರೆ. ಕೊನೆಗೆ ಬಕೆಟ್ಟನ್ನು ಭಾರ ಹಾಕದೆ ನೆಲಕ್ಕೆ ತಾಗಿಸಿ, ಗಾಡಿಯನ್ನು ಹಿಂದಕ್ಕೆ ತರುತ್ತಾರೆ. ಬಕೆಟ್ಟು ತಾನೇ ತಾನಾಗಿ ಮಣ್ಣು ಸವರಿಕೊಂಡು ಬರುತ್ತದೆ. ಅರ್ಧ ನೀರು ತುಂಬಿದ ಬಾಟಲಿಯೊಂದನ್ನು ಅಡ್ಡ ಮಲಗಿಸಿ ಕಿಟಕಿಗೆ ಕಟ್ಟಿದ್ದಾರೆ. ಗಾಡಿ ಓರೆಯಾದರೆ ನೀರು ಹೇಳುತ್ತದೆ.

ದಿನಕ್ಕೆ ಎಂಟು ಗಂಟೆ ಸೀಟಿನ ಮೇಲೆ. ಒಂದೊಂದು ಪಟ್ಟಿಗೆ ಹನ್ನೆರಡು ಸಲವಾದರೂ ಹಿಂದೆ ಮುಂದೆ. ಇಷ್ಟು ದಿನಗಳಲ್ಲಿ ಕಿತ್ತ ದೊಡ್ಡ ಬಂಡೆಗಳು ನಲವತ್ತೊಂದು. ಅದರಲ್ಲಿ ಮೂವತ್ತು ಕೀಳಬೇಕಾಗಿಯೇ ಇರಲಿಲ್ಲ ಎನ್ನುತ್ತಾರೆ ಅವರೇ. ಆಳದಲ್ಲಿ ಗಟ್ಟಿಯಾಗಿ ಕೂತ ಬಂಡೆಯ ತಲೆ ಮಾತ್ರ ಕಂಡರೆ ಅದನ್ನು ಅಲ್ಲೇ ಬಿಟ್ಟು, ಸುತ್ತಲಿನ ಮಣ್ಣು ತಂದು ಮೇಲೆ ಹರಡಬೇಕು. ಕಿತ್ತರೆ ಬಂಡೆಯ ಮೂರು ಪಟ್ಟು ಗುಂಡಿ. ಬೇರೆ ಯಾವ ಹೊಸಬರೂ ಇಷ್ಟು ಕೀಳುತ್ತಿರಲಿಲ್ಲವೇನೋ. "ಹದಿನಾಲ್ಕು ವರ್ಷ ಹೆಕ್ಕಿದ ಕೈ ಇದು. ಕಲ್ಲು ಕಂಡ್ರೆ ಸುಮ್ನಿರಲ್ಲ."

ಬಲಮೂಲೆಯ ತಪ್ಪೂ ಅದೇ. ಮೊದಲ ದಿನ ಅಲ್ಲಿ ಒಗೆಯುವ ಕಲ್ಲಿನಷ್ಟು ದೊಡ್ಡ ಬಂಡೆ ಕಿತ್ತು, ಗುಂಡಿಗೆ ಬರೀ ಸಡಿಲ ಮಣ್ಣು ತುಂಬಿ, ಬಕೆಟ್ಟಿನ ಬೆನ್ನಿನಿಂದ ತಟ್ಟಿದ್ದರು. ಕಣ್ಣಿಗೆ ಚೊಕ್ಕವಾಗಿಯೇ ಇತ್ತು. ಇವತ್ತು ಹಿಮ್ಮಡಿಗೆ ಸಿಕ್ಕಿಬಿದ್ದಿದೆ.

"ಒಂದು ಬಕೆಟ್ ಮಣ್ಣು ಎಳ್ದುಬಿಡು. ಇವತ್ತಿಗೆ ನೀರು ನಿಲ್ಲಲ್ಲ" ಎಂದು ಭಾವ ತಗ್ಗಿದ ದನಿಯಲ್ಲಿ ಹೇಳುತ್ತಾರೆ.

ಕಲ್ಲಕ್ಕ ಬೂಟು ಹಾಕಿಕೊಂಡು ಬೇರೆ ಅಂಚುಗಳನ್ನು ಸವರಲು ಹೋಗುತ್ತಾರೆ.

ಹತ್ತಕ್ಕೆ ಟ್ಯಾಂಕರ್ ಬರುತ್ತದೆ, ಹಿಂದೆಯೇ ಸೂಪರ್‌ವೈಸರ್. ಪೈಪು ಬಿಚ್ಚುವ ಮೊದಲೇ ಕಲ್ಲಕ್ಕ ಬಲಮೂಲೆಯತ್ತ ಕೈ ತೋರಿಸುತ್ತಾರೆ. "ಸಾರ್, ಅಲ್ಲೊಂದು ಕಡೆ ನೀರು ನಿಲ್ಲುತ್ತೆ."

ಭಾವ ಕಣ್ಣು ಮುಚ್ಚಿಕೊಳ್ಳುತ್ತಾರೆ.

ನೀರು ಹಾಳೆಯಂತೆ ಹರಡಿ, ಗಡಿಬಿಡಿಯಿಲ್ಲದೆ ಕೆಳಗಿಳಿದು, ಚರಂಡಿ ಸೇರುತ್ತದೆ. ಬಲಮೂಲೆಯಲ್ಲಿ ಮಾತ್ರ ತಟ್ಟೆಯಗಲ ನಿಂತು ಹೊಳೆಯುತ್ತದೆ. ಇಡೀ ಮೈದಾನಕ್ಕೆ ಅದೊಂದೇ. ಸೂಪರ್‌ವೈಸರ್ ಅದರಲ್ಲಿ ಬೂಟಿನ ತುದಿ ಅದ್ದಿ, "ಗೊತ್ತಿದ್ರೆ ಮುಚ್ಚೋದಲ್ವಾ ಕಲ್ಲಕ್ಕ?" ಎನ್ನುತ್ತಾರೆ.

"ಮುಚ್ಚಿದ್ರೆ ಇವತ್ತು ನೀವು ಪಾಸ್ ಮಾಡ್ತಿದ್ರಿ. ಒಂದು ಮಳೆ ಬಂದ್ರೆ ಮತ್ತೆ ಕುಸೀತಿತ್ತು. ಓಡೋ ಮಕ್ಕಳು ಕಾಲು ಉಳುಕಿಸ್ಕೊತಾರೆ. ಅಗೆದು ಜಲ್ಲಿ ತುಂಬಿ ದಮ್ಮಸ್ಸು ಹೊಡೀಬೇಕು. ಅರ್ಧ ದಿನ ಕೊಡಿ."

ಸೂಪರ್‌ವೈಸರ್ ಇನ್ನೊಮ್ಮೆ ಮೈದಾನದ ಉದ್ದಕ್ಕೂ ನೋಡುತ್ತಾರೆ. "ತಗೊಳ್ಳಿ. ಸೋಮವಾರದಿಂದ ಗೇಟಿನ ಪಕ್ಕದ ಜಾಗಾನೂ ನೀವೇ ಶುರು ಮಾಡಿ. ಅಲ್ಲಿ ಕಲ್ಲು ಇನ್ನೂ ಜಾಸ್ತಿ."

"ಎಲ್ಲಾ ಕೀಳ್ಬೇಡ ಮಾರಾಯ್ತಿ" ಎನ್ನುತ್ತಾರೆ ಭಾವ, ಈಗ ಕಣ್ಣು ತೆರೆದು.

ಕಲ್ಲಕ್ಕ ಆಗಲೇ ಕ್ಯಾಬಿನ್ ಹತ್ತಿಯಾಗಿದೆ. ಮುಂದೇನಾಗಬೇಕೆಂದು ಆಸೆ ಎಂದು ಕೇಳಿದರೆ, ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಹೇಳುತ್ತಾರೆ: "ನಂಗೆ ಇನ್ನೇನು ಬೇಕು? ನನ್ನ ಹಿಂದೆ ಬಾಣಲೆ ಹಿಡ್ಕೊಂಡು ಬರೋಳಿಗೆ ಬಗ್ಗೋ ಕೆಲಸ ಕಮ್ಮಿ ಇರ್ಬೇಕು. ಅಷ್ಟೇ."