ಹಾಫ್ ಕ್ಲಚ್ಚಿನಲ್ಲಿ ಉಪ್ಪಿನ ಬಯಲಿಗೆ

ನ್ಯೂಜೆರ್ಸಿಯ ಸಮರ್‌ಸೆಟ್‌ನ ನಮ್ಮ ಬಳಗದಲ್ಲಿ ನನ್ನನ್ನು ‘ಹೈವೇ ಹತ್ತದ ಆಂಟಿ’ ಎಂದು ಕರೆಯುತ್ತಿದ್ದರು. ಇಂಡಿಯನ್ ಅಂಗಡಿ, ಲೈಬ್ರರಿ, ಮಗಳ ಶಾಲೆ, ಇಷ್ಟೇ ನನ್ನ ಸಾಮ್ರಾಜ್ಯ. ಟರ್ನ್‌ಪೈಕ್ ಎಂಬ ದೊಡ್ಡ ಹೈವೇಯ ಹಸಿರು ಬೋರ್ಡು ಕಂಡರೆ ಸಾಕು, ಮೆತ್ತಗೆ ಊರೊಳಗಿನ ರಸ್ತೆಗೆ ತಿರುಗಿಬಿಡುತ್ತಿದ್ದೆ. ಬಲಗಡೆ ಓಡಿಸಬೇಕಾದ ಈ ದೇಶಕ್ಕೆ ಬಂದ ಹೊಸದರಲ್ಲಿ ಒಂದು ದಿನ ಅಂಗಡಿಯ ಪಾರ್ಕಿಂಗ್ ಲಾಟಿನಿಂದ ಹೊರಬಂದವಳು ಮೈಸೂರಿನ ಅಭ್ಯಾಸದಲ್ಲಿ ಸೀದಾ ಎಡಕ್ಕೆ ಹೋಗಿಬಿಟ್ಟೆ. ಎದುರಿಗೆ ಮನೆಯಷ್ಟು ದೊಡ್ಡ ಟ್ರಕ್ಕು! ಯಾರಿಗೂ ಏನೂ ಆಗಲಿಲ್ಲ, ಆದರೆ ಅದರ ಹಾರ್ನು ನನ್ನ ಎದೆಯೊಳಗೇ ಕೂತುಬಿಟ್ಟಿತು. “ನೀನು ಲೋಕಲ್ ಡ್ರೈವ್ ಮಾಡು ಸಾಕು. ಹೈವೇ ನಾನ್ ನೋಡ್ಕೋತೀನಿ” ಅಂದರು ನಮ್ಮ ಯಜಮಾನರು. ಆಗಲಿ ಅಂದೆ. ಇಪ್ಪತ್ತು ವರ್ಷ ದಾಟಿದರೂ ಆ ಏರ್ಪಾಡು ಹಾಗೇ ಉಳಿದಿತ್ತು.

ಬಳಗದವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ನಾನು ಡ್ರೈವಿಂಗ್ ಸ್ಕೂಲ್ ಮೇಷ್ಟರ ಮಗಳು. ಮೈಸೂರಿನಲ್ಲಿ ಅಪ್ಪನಿಗೆ ಒಂದು ಹಳೇ ಅಂಬಾಸಿಡರ್ ಕಾರಿನ ಸಣ್ಣ ಸ್ಕೂಲಿತ್ತು. ಚಾಮುಂಡಿ ಬೆಟ್ಟದ ಏರಿನಲ್ಲಿ ಕಾರು ನಿಲ್ಲಿಸಿ, ಹಿಂದಿನ ಗಾಲಿಗೆ ತಾಗಿದಂತೆ ಬೆಂಕಿಪೊಟ್ಟಣ ಇಟ್ಟು, “ಈಗ ಹೊರಡು” ಅನ್ನುತ್ತಿದ್ದರು. ಕಾರು ಒಂದಿಷ್ಟು ಹಿಂದಕ್ಕೆ ಜಾರಿದರೂ ಪೊಟ್ಟಣ ಅಪ್ಪಚ್ಚಿ. ಕ್ಲಚ್ಚನ್ನು ಪೂರ್ತಿ ಒತ್ತಲೂ ಬಾರದು, ಪೂರ್ತಿ ಬಿಡಲೂ ಬಾರದು. ಅದಕ್ಕೆ ಹಾಫ್ ಕ್ಲಚ್ ಎನ್ನುತ್ತಾರೆ. ಎಷ್ಟೋ ಗಂಡಸರು ಪೊಟ್ಟಣಗಳನ್ನು ಚಪ್ಪಟೆ ಮಾಡಿ ಬೈಸಿಕೊಂಡಿದ್ದ ಆ ಏರಿನಲ್ಲಿ, ಕಾಲೇಜು ಹುಡುಗಿಯಾಗಿದ್ದ ನಾನು ಪೊಟ್ಟಣವನ್ನು ಹೊಸದಿದ್ದ ಹಾಗೇ ಅಪ್ಪನ ಕೈಗೆ ವಾಪಸು ಕೊಟ್ಟಿದ್ದೆ. ಆದರೆ ಗೇರೇ ಇಲ್ಲದ ಅಮೆರಿಕದ ಕಾರಿನಲ್ಲಿ ಆ ವಿದ್ಯೆಯನ್ನು ಯಾರಿಗೆ ತೋರಿಸಲಿ?

ಮಗಳು ಕಾಲೇಜು ಮುಗಿಸಿದಾಗ ಏನು ಬೇಕಮ್ಮ ಎಂದು ಕೇಳಿದೆವು. ಆಫ್ರಿಕಾದ ನಮೀಬಿಯಾದಲ್ಲಿ ಎತೋಷಾ ಅಂತೊಂದು ವನ್ಯಧಾಮವಿದೆ, ಮರಳುಗಾಡಿನ ನಡುವೆ ಬೆಳ್ಳಗಿನ ಉಪ್ಪಿನ ಬಯಲು, ಅದರ ಅಂಚಿನಲ್ಲಿ ಆನೆ, ಸಿಂಹ. ಅದನ್ನು ನೋಡಬೇಕು ಎಂದಳು. ಆರನೇ ಕ್ಲಾಸಿನಿಂದ ಆ ಬಯಲಿನ ಚಿತ್ರ ಅವಳ ಮಂಚದ ಮೇಲಿನ ಗೋಡೆಯಲ್ಲಿತ್ತು. ಯಜಮಾನರು ಟಿಕೆಟ್ಟು, ರೂಮು, ಬಾಡಿಗೆ ಕಾರು ಎಲ್ಲವನ್ನೂ ತಾವೇ ಬುಕ್ ಮಾಡಿದರು. ಹಿಮ ಸುರಿಯುವಾಗ ಬಾಸ್ಟನ್ನಿಗೆ ಕಾರು ಓಡಿಸಿಕೊಂಡು ಹೋಗಿ ಬಂದವರು ಅವರು. ನಮೀಬಿಯಾ ಯಾವ ಲೆಕ್ಕ!

ರಾಜಧಾನಿಯ ವಿಮಾನ ನಿಲ್ದಾಣದಲ್ಲಿ ಬಾಡಿಗೆ ಕಾರಿನ ಕೌಂಟರಿನಾಕೆ ನಗುತ್ತ ಕೀ ಕೊಟ್ಟಳು. ಬಿಳೀ ದೊಡ್ಡ ಗಾಡಿ. ಯಜಮಾನರು ಒಳಗೆ ಕೂತವರು ಹಾಗೇ ಕೆಳಗೆ ನೋಡಿದರು. ಮೂರು ಪೆಡಲ್. ನಡುವೆ ಗೇರಿನ ಕೋಲು. ಬುಕ್ ಮಾಡುವಾಗ ಅವರು ಆಟೋಮ್ಯಾಟಿಕ್ಕೋ ಅಲ್ಲವೋ ನೋಡೇ ಇರಲಿಲ್ಲ. ಡ್ರೈವಿಂಗ್ ಕಲಿತದ್ದೇ ನ್ಯೂಜೆರ್ಸಿಯಲ್ಲಿ. ಕಾರೆಂದರೆ ಆಟೋಮ್ಯಾಟಿಕ್ಕೇ ತಾನೆ! ಬೇರೆ ಗಾಡಿ ಇದೆಯಾ ಎಂದರೆ, ಸೀಸನ್ನು, ಒಂದೂ ಇಲ್ಲ ಎಂದಳು ಆಕೆ. ಪಾರ್ಕಿನ ಗೇಟು ಸೂರ್ಯ ಮುಳುಗಿದೊಡನೆ ಮುಚ್ಚುತ್ತದೆ. ದಾರಿ ಐದು ಗಂಟೆಯದು. ಗಾಡಿ ಓಡದಿದ್ದರೆ ಮಗಳ ಬಯಲು ಮತ್ತೆ ಗೋಡೆಯ ಮೇಲೇ.

ಯಜಮಾನರು ಪ್ರಯತ್ನವನ್ನೇನೋ ಮಾಡಿದರು. ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸಿ ನಿಂತಿತು. ಮತ್ತೆ ಕುಪ್ಪಳಿಸಿತು, ಮತ್ತೆ ನಿಂತಿತು. ಗಾಡಿ ತೊಳೆಯುತ್ತಿದ್ದವರು ಪೈಪು ಹಿಡಿದುಕೊಂಡೇ ತಮಾಷೆ ನೋಡತೊಡಗಿದರು. ಇಂಗು ತಿಂದ ಮಂಗನ ಹಾಗಾಗಿತ್ತು ನಮ್ಮವರ ಮುಖ. ಮಗಳು ಹಿಂದಿನ ಸೀಟಿನಲ್ಲಿ ಉಗುರು ಕಚ್ಚುತ್ತ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ.

“ರೀ, ಇಳೀರಿ.”

“ಏನು?”

“ಇಳೀರಿ ಅಂದೆ. ನಾನು ಓಡಿಸ್ತೀನಿ.”

“ನೀನಾ? ಲೇ, ಇದೇನು ಇಂಡಿಯನ್ ಸ್ಟೋರ್ ಅಂದ್ಕೊಂಡ್ಯಾ?”

“ಅಮ್ಮಾ, ಆರ್ ಯೂ ಶ್ಯೂರ್?” ಎಂದಳು ಮಗಳು.

ನಿಜ ಹೇಳುತ್ತೇನೆ, ಶ್ಯೂರ್ ಏನೂ ಇರಲಿಲ್ಲ. ಆದರೆ ಬಲಗಡೆ ಸ್ಟೀರಿಂಗಿನ ಹಿಂದೆ ಕೂತು ಎಡಗೈಯಲ್ಲಿ ಗೇರು ಹಿಡಿದೆ ನೋಡಿ, ಮೈಗೆ ಮೈಸೂರೇ ಬಂದುಬಿಟ್ಟಿತು. ರಸ್ತೆಯೂ ನಮ್ಮೂರಿನ ಹಾಗೆ ಎಡಗಡೆಯದೇ. ಗಾಡಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೊರಟಿತು. ಪೈಪು ಹಿಡಿದಿದ್ದವರು ಚಪ್ಪಾಳೆ ತಟ್ಟಿದರು. ಮೀಸೆ ಇದ್ದಿದ್ದರೆ ತಿರುವುತ್ತಿದ್ದೆ!

ಯಜಮಾನರಿಗೆ ಒಂದು ಗುಣವಿದೆ, ಬೇರೆಯವರು ಓಡಿಸುವ ಗಾಡಿಯಲ್ಲಿ ರೆಪ್ಪೆ ಮುಚ್ಚುವುದಿಲ್ಲ. ಟ್ಯಾಕ್ಸಿಯಲ್ಲೂ ಇಲ್ಲ, ಬಸ್ಸಿನಲ್ಲೂ ಇಲ್ಲ. ದಾರಿಯುದ್ದಕ್ಕೂ ನನ್ನ ಪಕ್ಕದಲ್ಲಿ ಇಲ್ಲದ ಬ್ರೇಕನ್ನು ಬಲಗಾಲಿನಲ್ಲಿ ಒತ್ತುತ್ತಲೇ ಇದ್ದರು. “ನಿಧಾನ… ಲಾರಿ… ನೋಡು, ಹಂದಿ!” ನಿಜವಾಗಿಯೂ ಕಾಡುಹಂದಿಯೇ, ಬಾಲ ನೆಟ್ಟಗೆ ಮಾಡಿಕೊಂಡು ರಸ್ತೆ ದಾಟುತ್ತಿತ್ತು. ಚಟ್ನಿಪುಡಿ ಸವರಿದ ಚಪಾತಿ ಸುರುಳಿಯನ್ನು ಮಗಳು ಹಿಂದಿನಿಂದ ನನ್ನ ಬಾಯಿಗೆ ಇಡುತ್ತಿದ್ದಳು. ಪಾರ್ಕಿನ ಗೇಟು ತಲುಪಿದಾಗ ಸೂರ್ಯ ಇನ್ನೂ ಮುಳ್ಳುಮರಗಳ ಮೇಲಿದ್ದ.

ಮಾರನೆಯ ಬೆಳಿಗ್ಗೆ ಒಂದು ನೀರುಗುಂಡಿಯ ಹತ್ತಿರ ಎಂಜಿನ್ ಆರಿಸಿ ನಿಂತೆವು. ಮೊದಲು ಜೀಬ್ರಾಗಳು ಬಂದವು. ಆಮೇಲೆ ಈಟಿಯಂಥ ನೆಟ್ಟಗಿನ ಕೊಂಬಿನ ಜಿಂಕೆಗಳು. ಆಮೇಲೆ ಆನೆಗಳು. ಆ ನೆಲದ ಬಿಳೀ ಧೂಳು ಮೆತ್ತಿಕೊಂಡು, ಮೈತುಂಬ ವಿಭೂತಿ ಬಳಿದುಕೊಂಡ ಹಾಗಿದ್ದವು. ಮರಿಯೊಂದು ನಮ್ಮ ಗಾಡಿಯ ಕಡೆಗೇ ಓಡಿ ಬಂತು. ಅದರ ಹಿಂದೆಯೇ ತಾಯಿ, ಕಿವಿ ಅಗಲಿಸಿಕೊಂಡು.

ನಾವು ನಿಂತಿದ್ದದ್ದು ನೀರಿನ ಕಡೆಗೆ ಇಳಿಯುವ ಜಲ್ಲಿ ದಾರಿಯಲ್ಲಿ. ಹಿಂದಕ್ಕೆ ಹೋಗಬೇಕಾದರೆ ಏರು ಹತ್ತಬೇಕು. ಎಂಜಿನ್ ಅಬ್ಬರಿಸಿದರೆ ಆನೆ ರೇಗುತ್ತದೆ, ಕಾಲು ತಪ್ಪಿ ಗಾಡಿ ಮುಂದಕ್ಕೆ ಜಾರಿದರೆ ಮರಿಯ ಮೇಲೆ. ಯಜಮಾನರು ನನ್ನ ತೋಳು ಹಿಡಿದು, “ಏನ್ ಮಾಡ್ತೀಯೇ ಈಗ?” ಎಂದು ಪಿಸುಗುಟ್ಟಿದರು. “ಬಾಯಿ ಮುಚ್ಕೊಂಡ್ ಕೂತ್ಕೊಳ್ರೀ” ಎಂದೆ. ಮದುವೆಯಾದ ಮೇಲೆ ಅವರಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಎಂಜಿನ್ ಚಾಲೂ ಮಾಡಿ ರಿವರ್ಸ್ ಗೇರಿಗೆ ಹಾಕಿದೆ. ಕ್ಲಚ್ಚನ್ನು ಒಂದೊಂದೇ ಕೂದಲೆಳೆಯಷ್ಟು ಬಿಟ್ಟೆ. ಪಾದದಡಿ ಪೆಡಲ್ ಸಣ್ಣಗೆ ನಡುಗಿತು. ಅಲ್ಲೇ ಹಿಡಿದೆ. ಈಗ ಬೆಂಕಿಪೊಟ್ಟಣ ಮುಂದಿನ ಗಾಲಿಗಿದೆ ಅಂದುಕೊಂಡು ಕೈಬ್ರೇಕು ಇಳಿಸಿದೆ. ಗಾಡಿ ಒಂಚೂರೂ ಮುಂದಕ್ಕೆ ಹೋಗಲಿಲ್ಲ. ಸದ್ದಿಲ್ಲದೆ, ಜಲ್ಲಿ ಕೂಡ ಸಿಡಿಯದ ಹಾಗೆ, ಹಿಂದಕ್ಕೆ ಹಿಂದಕ್ಕೆ ಏರು ಹತ್ತಿತು. ತಾಯಿ ಆನೆ ನಿಂತು ನೋಡಿತು. ಕಿವಿ ಮಡಚಿತು. ಮರಿಯನ್ನು ಸೊಂಡಿಲಿನಲ್ಲಿ ತಳ್ಳಿಕೊಂಡು ನೀರಿಗೆ ಹೋಯಿತು.

“ಅಮ್ಮಾ! ದಟ್ ವಾಸ್ ಇನ್‌ಸೇನ್! ಹೌ ಡಿಡ್ ಯೂ ಡೂ ದಟ್?”

“ನಿಮ್ಮ ತಾತ ಕಲಿಸಿದ್ದು” ಎಂದೆ. ಅಪ್ಪ ಹೋಗಿ ವರ್ಷಗಳಾಗಿವೆ. ಅವರು ಇದನ್ನು ನೋಡಿದ್ದರೆ ಹೊಗಳುತ್ತಿರಲಿಲ್ಲ, ಕನ್ನಡಿ ಸರಿಯಾಗಿ ನೋಡಲಿಲ್ಲ ಅಂತ ಒಂದು ತಪ್ಪು ಹುಡುಕುತ್ತಿದ್ದರು. ಆದರೆ ಸಂಜೆ ಇಡೀ ಬೀದಿಗೆ ಹೇಳಿಕೊಂಡು ಬರುತ್ತಿದ್ದರು.

ಆ ಮಧ್ಯಾಹ್ನ, ಕಾರಿನಿಂದ ಇಳಿಯಬಹುದಾದ ಒಂದೇ ಒಂದು ಕಡೆ, ಉಪ್ಪಿನ ಬಯಲಿನ ಮೇಲೆ ನಿಂತೆವು. ಅಬ್ಬಬ್ಬಾ, ಏನದು ಬಿಳುಪು! ಗಿಡವಿಲ್ಲ, ಕಲ್ಲಿಲ್ಲ, ಎಲ್ಲಿ ನೆಲ ಮುಗಿದು ಆಕಾಶ ಶುರುವಾಗುತ್ತದೋ ತಿಳಿಯುವುದಿಲ್ಲ. ಮಗಳು ಸುಮ್ಮನೆ ಅಳುತ್ತಿದ್ದಳು. ಯಜಮಾನರು ಬೆರಳನ್ನು ನೆಲಕ್ಕೆ ಒತ್ತಿ ನಾಲಿಗೆಗೆ ಮುಟ್ಟಿಸಿ, ಉಪ್ಪೇ ಕಣೇ ಎಂದರು. ನಾನು ಬಿಸಿಯಾದ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದೆ. ಇವರಿಬ್ಬರನ್ನೂ ಇಲ್ಲಿಗೆ ಕರೆತಂದವಳು ನಾನು. ಜಂಬವೆನ್ನಿ, ಏನಾದರೂ ಅನ್ನಿ, ಆ ಹೊತ್ತಿನ ಹೆಮ್ಮೆಯಲ್ಲಿ ಯಾರಿಗೂ ಪಾಲು ಕೊಡುವ ಮನಸ್ಸು ನನಗಿರಲಿಲ್ಲ.

ವಾಪಸು ನೆವಾರ್ಕಿಗೆ ಬಂದಿಳಿದಾಗ ಬೆಳಗಾಗಿತ್ತು. ಏರ್‌ಪೋರ್ಟಿನ ಪಾರ್ಕಿಂಗಿನಲ್ಲಿ ನಮ್ಮ ಕಾರು ಧೂಳು ಹಿಡಿದು ನಿಂತಿತ್ತು. ಅವರು ಸೂಟ್‌ಕೇಸ್ ಒಳಗಿಡುವಷ್ಟರಲ್ಲಿ ನಾನು ಹೋಗಿ ಬಲಗಡೆ ಬಾಗಿಲು ತೆಗೆದು ಕೂತೆ. ಯಜಮಾನರು ಬಂದು ಬಗ್ಗಿ ನೋಡಿದರು.

“ಏನೇ, ಡ್ರೈವರ್ ಕೆಲಸಕ್ಕೆ ಇಷ್ಟು ಬೇಗ ರಿಸೈನ್ ಮಾಡಿಬಿಟ್ಯಾ?”

“ರೀ, ಸ್ಟೀರಿಂಗ್ ಎಲ್ರೀ?” ಎಂದೆ ಗಾಬರಿಯಿಂದ.

ಮಗಳು ನಕ್ಕೂ ನಕ್ಕೂ ಸೂಟ್‌ಕೇಸಿನ ಮೇಲೆ ಕೂತುಬಿಟ್ಟಳು. ನಾನು ಇಳಿದು ಸುತ್ತು ಹಾಕಿ ಸ್ಟೀರಿಂಗಿದ್ದ ಎಡಗಡೆಗೆ ಬಂದೆ. ಯಜಮಾನರು ಕೀ ಕೊಟ್ಟರು.

ಹೊರಗೆ ಬಂದರೆ ಅದೇ ಹಸಿರು ಬೋರ್ಡು. ಟರ್ನ್‌ಪೈಕಿನ ಏರು ಹತ್ತಿದೆ. ಎಡಗಾಲು ಕ್ಲಚ್ ಹುಡುಕಿತು, ಸಿಗಲಿಲ್ಲ. ಪಕ್ಕದಲ್ಲಿ ಭಾರೀ ಟ್ರಕ್ಕೊಂದು ಹಾರ್ನು ಬಾರಿಸುತ್ತ ಬಂತು. ಅದನ್ನು ಮುಂದೆ ಬಿಟ್ಟು, ಅದರ ಹಿಂದೆ ಜಾಗ ಮಾಡಿಕೊಂಡು ಸೇರಿಕೊಂಡೆ. ಈಗ ‘ನಿಧಾನ’ ಅನ್ನುತ್ತಾರೆ, ಬ್ರೇಕು ಒತ್ತುತ್ತಾರೆ ಎಂದು ಕಾದೆ. ಓರೆಗಣ್ಣಿನಲ್ಲಿ ನೋಡಿದರೆ, ನಮ್ಮ ಯಜಮಾನರು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು.