ಸೀಸೆಗೆ ಬಿದ್ದ ವಿಭೂತಿ

ನಂಜುಂಡನನ್ನು ನಂಬಿದ ಎಲ್ಲರಿಗೂ ಶರಣು. ಐದು ವರ್ಷದ ನನ್ನ ದುಡಿಮೆ ಅಂಟಾಗಿ ಸೀಸೆಯ ತಳ ಹಿಡಿದು ಕುಳಿತಿದ್ದ ದಿನಗಳ ಮಾತಿದು.

ತೊಂಬತ್ತರ ದಶಕದ ಕೊನೆ. ಮೈಸೂರಿನಲ್ಲಿ ಮೂರ್ಛೆರೋಗಕ್ಕೆ ಹೊಸ ಔಷಧ ಹುಡುಕುವ ಸಂಶೋಧನೆ ಮಾಡುತ್ತಿದ್ದೆ. ನಾನು ತಯಾರಿಸಿದ ಪದಾರ್ಥ ಹರಳು ಕಟ್ಟಿದರೆ ಮಾತ್ರ ಪರೀಕ್ಷೆಗೆ ಕಳಿಸಬಹುದಿತ್ತು, ಪಿಎಚ್.ಡಿ. ಮುಗಿಯುತ್ತಿತ್ತು. ಅದೋ, ಜೋನಿಬೆಲ್ಲದ ಹಾಗೆ ಅಂಟಂಟು. ಹರಳು ಮೂಡಲೆಂದು ಐಸಿನಲ್ಲಿಟ್ಟೆ, ಗಾಜಿನ ಕಡ್ಡಿಯಿಂದ ಸೀಸೆಯ ಒಳಮೈ ಕೆರೆದೆ. ಮೂರು ತಿಂಗಳು ಜಪ್ಪಯ್ಯ ಅಂದರೂ ಹರಳು ಕಟ್ಟಲಿಲ್ಲ. ಫೆಲೋಶಿಪ್ ಆ ತಿಂಗಳಿಗೇ ಕೊನೆ. ಮತ್ತೆ ಮಾಡಲು ಮೂಲವಸ್ತುವೂ ಉಳಿದಿರಲಿಲ್ಲ.

ಕಾರ್ತಿಕ ಸೋಮವಾರ ಅಮ್ಮ ಬೆಳಗಿನ ಬಸ್ಸಿಗೇ ನಂಜನಗೂಡಿಗೆ ಎಳೆದುಕೊಂಡು ಹೋದರು. ದೇವರೆದುರು ಮುನಿಸಿಕೊಂಡೇ ನಿಂತೆ. ವಿಷವನ್ನೇ ಗಂಟಲಲ್ಲಿ ತಡೆದವನು ನೀನು, ಚಮಚದಷ್ಟು ಅಂಟು ನಿನಗೇನು ಭಾರ ಎಂದು ಮನಸ್ಸಿನಲ್ಲೇ ಜಗಳವಾಡಿದೆ. ಅಮ್ಮ ನನ್ನ ಹಣೆ ತುಂಬ ವಿಭೂತಿ ಬಳಿದು, "ಒರೆಸ್ಕೊಂಬುಟ್ಟೀಯ ಕಣೆ, ಸಂಜೆವರೆಗೂ ಇರ್ಲಿ" ಅಂದರು.

ಅಲ್ಲಿಂದ ನೇರ ಲ್ಯಾಬಿಗೆ ಬಂದೆ. ಸೀಸೆಯ ಮುಚ್ಚಳ ತೆಗೆದು, ಬಗ್ಗಿ, ಮತ್ತೆ ಕೆರೆಯತೊಡಗಿದೆ. ಬೆವರು ಒರೆಸಲು ಮುಂಗೈ ಹಣೆಗೆ ತಾಗಿದ್ದೇ ತಡ, ವಿಭೂತಿ ಉದುರಿ ಒಳಗೆ ಬಿತ್ತು. ಇದ್ದದ್ದೂ ಕೆಟ್ಟಿತಲ್ಲ ಎಂದು ಸ್ಟೂಲಿನ ಮೇಲೆ ಕುಳಿತು ಅತ್ತುಬಿಟ್ಟೆ. ತಲೆ ಎತ್ತಿದಾಗ ಬೂದಿಯ ಸುತ್ತ ಸೂಜಿಯಂಥ ಬಿಳಿ ಹರಳುಗಳು ಹಬ್ಬುತ್ತಿದ್ದವು.

ಯಾರೂ ನೋಡಿರಲಿಲ್ಲ. ಕಡ್ಡಿಯಿಂದ ಕೆರೆದದ್ದಕ್ಕೇ ಆಯಿತು ಎಂದು ಪ್ರಯೋಗದ ನೋಟ್‌ಬುಕ್ಕಿನಲ್ಲಿ ಬರೆದುಬಿಡೋಣ ಅನ್ನಿಸಿತು. ಆದರೆ ಹಣೆಯ ಮೇಲೆ ಅವನ ವಿಭೂತಿ ಇಟ್ಟುಕೊಂಡು ಸುಳ್ಳು ಬರೆಯಲು ಕೈ ಬರಲಿಲ್ಲ. ನನ್ನ ಮಾರ್ಗದರ್ಶಕರಾದ ಮೇಷ್ಟ್ರಿಗೆ ಎಲ್ಲ ಹೇಳಿದೆ. ಅವರು ದೇವರ ಗೊಡವೆಗೇ ಹೋಗದವರು. ಸೀಸೆಯನ್ನು ಬೆಳಕಿಗೆ ಹಿಡಿದು ನಕ್ಕರು.

"ಯಾವ ಧೂಳು ಬಿದ್ದಿದ್ರೂ ಹಿಂಗಾಗ್ಬಹುದಿತ್ತು ಕಣಮ್ಮ. ಬೂದಿ ತಾಗ್ದೇ ಇರೋ ಹರಳೊಂದನ್ನ ಎತ್ತಿಟ್ಕೊ, ಹೆಪ್ಪಿಗೆ. ಮಿಕ್ಕಿದ್ದನ್ನ ಕರಗ್ಸಿ, ಸೋಸಿ, ಆ ಹೆಪ್ಪು ಹಾಕು. ನೋಟ್‌ಬುಕ್ಕಲ್ಲಿ ಮಾತ್ರ ಆದದ್ದನ್ನೇ ಬರಿ."

ಸಂಜೆಯೊಳಗೆ ಅಪ್ಪಟ ಹರಳುಗಳು ಸಿಕ್ಕವು. ಮುಂದೆ ಆ ಪದಾರ್ಥ ಪರೀಕ್ಷೆಯಲ್ಲಿ ಔಷಧವಾಗಲಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಪಿಎಚ್.ಡಿ. ಆಯಿತು, ಇಂದು ನಾನೂ ಪಾಠ ಹೇಳುತ್ತೇನೆ. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ಆದರೆ ಮೂರು ತಿಂಗಳು ಆ ಲ್ಯಾಬಿನ ಧೂಳೆಲ್ಲ ಎಲ್ಲಿಗೆ ಹೋಗಿತ್ತು? ಹರಳು ಕೊಟ್ಟಿದ್ದಕ್ಕಿಂತ, ಅಂದು ನನ್ನ ಕೈಯಿಂದ ಸುಳ್ಳು ಬರೆಸದೆ ಕಾಪಾಡಿದ್ದಕ್ಕೇ ನಂಜುಂಡನಿಗೆ ಹೆಚ್ಚು ಋಣಿ ನಾನು.

ಆ ನೋಟ್‌ಬುಕ್ ನನ್ನ ಬಳಿ ಇದೆ. ಅಂದಿನ ಪುಟದಲ್ಲಿ ವಿಭೂತಿ ಎಂದೇ ಬರೆದಿದ್ದೇನೆ. ಅದರ ಕೆಳಗೆ ಮೇಷ್ಟ್ರ ಸಹಿ ಇದೆ.