ಬಡಿಸುವವರ ಕಡೆಯ ಎಲೆ

ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆಯವರು ಮರದಲ್ಲಿ ಅಚ್ಚು ಕೆತ್ತುತ್ತಿದ್ದರು. ಕೆತ್ತಿದ್ದು ಕಾಗದದ ಮೇಲೆ ಎಡಬಲ ಅದಲುಬದಲಾಗಿ ಮೂಡುವುದರಿಂದ, ಏನನ್ನೇ ಆಗಲಿ ಕತ್ತು ಓರೆ ಮಾಡಿ ನೋಡುವುದು ಅವರಿಗೆ ಅಭ್ಯಾಸವಾಗಿತ್ತು. ನಾನು ಯಾರ ಮೇಲೆ ದೂರು ಹೇಳಿದರೂ "ಆ ಕಡೆ ನಿಂತು ನೋಡ್ಲಾ" ಎನ್ನುತ್ತಿದ್ದರು.

ಮೈಸೂರಿನ ಚಿತ್ರಕಾರರೊಬ್ಬರಿಗೆ ಊರಿನವರು ಸನ್ಮಾನದ ಊಟ ಏರ್ಪಡಿಸಿದಾಗ, ಅಡುಗೆಗಳ ಹೆಸರು ಅಚ್ಚಾದ ಕಾರ್ಡಿಗೆ ಬಾಳೆಲೆ ಕೆತ್ತಿಕೊಟ್ಟವರು ಇವರೇ. ಅಂದು ಮಾತ್ರ ತಿರುವಿ ಕೆತ್ತಲು ಮರೆತಿದ್ದರು. ಉಣ್ಣುವವರ ಎಡಕ್ಕಿರಬೇಕಾದ ಎಲೆಯ ತುದಿ ಬಲಕ್ಕೆ ಮೂಡಿತ್ತು.

"ಅತಿಥಿಗೆ ಅಪಶಕುನ ಕಣಯ್ಯ! ಇನ್ನು ನಿನಗೆ ಯಾರು ಕೆಲಸ ಕೊಡ್ತಾರೆ?" ಎಂದು ಊಟ ಹಾಕಿಸುತ್ತಿದ್ದ ಯಜಮಾನರು ಪಂಕ್ತಿಯಲ್ಲೇ ರೇಗಿದರು.

ಇವರು ಕಾರ್ಡು ಹಿಡಿದು ಕತ್ತು ಓರೆ ಮಾಡಿದರು. "ಆ ಕಡೆ ನಿಂತು ನೋಡಿ ಸ್ವಾಮಿ. ಬಡ್ಸೋರಿಗೆ ಇಂಗೇ ಕಾಣೋದು."

ಚಿತ್ರಕಾರರು ಜೋರಾಗಿ ನಕ್ಕು ಎದ್ದರು. "ಹಾಗಾದ್ರೆ ನಾನೂ ನೋಡ್ಬೇಕು. ಕೂತ್ಕೊಳ್ರಿ" ಎಂದು ಇವರನ್ನು ತಮ್ಮ ಜಾಗದಲ್ಲಿ ಕೂರಿಸಿ, ತಾವೇ ಪಾಯಸ ಬಡಿಸಿದರು.

ಮೊನ್ನೆ ಆ ಪಕ್ಕದ ಮನೆಯವರ ತಿಥಿ ಊಟಕ್ಕೆ ನಾನೇ ಪಾಯಸ ಹಿಡಿದು ನಿಂತೆ. ಬಗ್ಗಿದಾಗ ಎದುರಿನ ಎಲೆಯ ತುದಿ ನನ್ನ ಬಲಕ್ಕಿತ್ತು. ಸಾಲಿನ ಕೊನೆಯವರೆಗೂ ಅವರು ಕೆತ್ತಿದ ಎಲೆಯೇ.